ಜಾಮಾದ ನಟ್ಟಿಗೆ ಒಂದು ರಾತ್ರಿ ಕೊಡಿ

ಪ್ರಿಯ ಗೆಳೆಯರೇ,

ನಾಟಿ ಮುಗಿಯಿತೆಂದು ಓದಿ ಸಮಾಧಾನವಾಯಿತು. ಟ್ರ್ಯಾಕ್ಟರಿನ ಹಿಂದೆ ಬದಲಿಸಬೇಕಾದ ಹೈಡ್ರಾಲಿಕ್ ಹೋಸಿನ ನಟ್ಟು ಜಾಮಾಗಿದೆ, ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಎಳೆಯಲೇ ಎಂದು ಕೇಳಿದ್ದೀರಿ. ಬೇಡ. ಈ ಪತ್ರ ಪೂರ್ತಿ ಓದುವ ತನಕ ಅದಕ್ಕೆ ಕೈ ಹಾಕಲೇಬೇಡಿ.

ಮೊದಲು ಒತ್ತಡ ಇಳಿಸಬೇಕು. ಭಾರ ಎತ್ತುವಾಗ ಈ ಲೈನಿನಲ್ಲಿ ಎಣ್ಣೆಯ ಒತ್ತಡ 150ರಿಂದ 200 ಬಾರ್ ತನಕ ಏರುತ್ತದೆ. ಕಾರಿನ ಟೈರಿನಲ್ಲಿರುವುದು 2 ಬಾರ್ ಚಿಲ್ಲರೆ. ಇಂಜಿನ್ ಬಂದ್ ಮಾಡಿದ ಮಾತ್ರಕ್ಕೆ ಲೈನಿನ ಒತ್ತಡ ಇಳಿಯುವುದಿಲ್ಲ. ಕಲ್ಟಿವೇಟರ್ ಎತ್ತಿಯೇ ನಿಲ್ಲಿಸಿದ್ದರೆ ಅದರ ಭಾರವನ್ನು ಒಳಗಿನ ಎಣ್ಣೆಯೇ ಹೊತ್ತಿರುತ್ತದೆ. ಆದ್ದರಿಂದ ಉಪಕರಣವನ್ನು ಪೂರಾ ನೆಲಕ್ಕಿಳಿಸಿ. ಟಿಪ್ಪಿಂಗ್ ಟ್ರೈಲರ್ ಇದ್ದರೆ ಅದೂ ಕೆಳಗೆ ಕೂರಲಿ. ಇಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಲಿವರನ್ನು ನಾಲ್ಕಾರು ಸಲ ಹಿಂದಕ್ಕೂ ಮುಂದಕ್ಕೂ ಆಡಿಸಿ. ಎಣ್ಣೆ ಬಿಸಿಯಿದ್ದರೆ ಆರಲಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಕೊರೆದು ಒಳಕ್ಕೆ ಹೋಗಬಲ್ಲದು. ಹೊರಗೆ ಕಾಣುವುದು ಒಂದು ಕೆಂಪು ಚುಕ್ಕೆ, ಮೊದಮೊದಲು ನೋವೂ ಅಷ್ಟಿರುವುದಿಲ್ಲ. ಆದರೆ ಒಳಗೆ ಎಣ್ಣೆ ಬೆರಳುದ್ದಕ್ಕೂ, ಅಂಗೈ ತನಕವೂ ಹರಡಿರುತ್ತದೆ. ಡೀಸೆಲ್ ಇಂಜಿನ್ನಿನಿಂದಾದ ಇಂಥ ಗಾಯದ ಬಗ್ಗೆ 1937ರಷ್ಟು ಹಿಂದೆಯೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಕೆಲವೇ ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಯಾರಿಗಾದರೂ ಹೀಗಾದರೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬರುವಂತಿಲ್ಲ. ದೊಡ್ಡಾಸ್ಪತ್ರೆಗೇ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆ ಎಂದು ಬಿಡಿಸಿ ಹೇಳಬೇಕು. ಸೋರುವ ಜಾಗ ಹುಡುಕಲು ಬೆರಳು ಸವರುವ ಅಭ್ಯಾಸ ಎಷ್ಟೋ ಜನರಿಗಿದೆ. ದಯವಿಟ್ಟು ರಟ್ಟಿನ ತುಂಡು ಹಿಡಿದು ನೋಡಿ.

ಈಗ ನಟ್ಟಿನ ವಿಚಾರ. ಕೆಸರುಗದ್ದೆಯ ನೀರು ಥ್ರೆಡ್ಡಿನ ಸಂದಿಗೆ ಇಳಿದು ತುಕ್ಕು ಹಿಡಿಸಿದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಬಿಗಿತ ಬರುವುದು ಅದರಿಂದಲೇ. ಒಣಗಿದ ಕೆಸರನ್ನು ತಂತಿ ಬ್ರಷ್ಷಿನಿಂದ ತಿಕ್ಕಿ ತೆಗೆದು, ತುಕ್ಕು ಬಿಡಿಸುವ ಎಣ್ಣೆಯನ್ನು ಸಂಜೆ ಎರಡು ಸಲ ಬಿಡಿ. ಒಳಗಿನ ಸ್ಟೀಲ್ ಪೈಪು ನಟ್ಟಿನ ಹಿಂಬದಿಯಲ್ಲಿ ಹೊಕ್ಕಿರುತ್ತದಲ್ಲ, ಆ ಸಂದಿಗೂ ಬಿಡಿ. ಬಹಳ ಸಲ ಅಂಟಿಕೊಂಡಿರುವುದು ಅಲ್ಲೇ. ಮುಂಜಾನೆ ಸಣ್ಣ ಸುತ್ತಿಗೆಯಿಂದ ನಟ್ಟಿನ ಮೈಗೆ ಸುತ್ತಲೂ ಹಗುರವಾಗಿ ತಟ್ಟಿ. ಬೆಂಕಿ ಮಾತ್ರ ತೋರಿಸಬೇಡಿ. ಹೋಸು ರಬ್ಬರಿನದು, ಎಣ್ಣೆಯ ಹಬೆಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ.

ಬಿಚ್ಚಲು ಎರಡು ಸ್ಪ್ಯಾನರ್ ಬೇಕು. ಒಂದರಿಂದ ನಟ್ಟು ಕೂತಿರುವ ಅಡಾಪ್ಟರನ್ನು ಅಲುಗದಂತೆ ಹಿಡಿಯಿರಿ, ಇನ್ನೊಂದರಿಂದ ನಟ್ಟು ತಿರುಗಿಸಿ. ಹಿಡಿಯದೆ ಎಳೆದರೆ ನಟ್ಟಿನ ಬದಲು ಅಡಾಪ್ಟರೇ ತಿರುಗಿ, ವಾಲ್ವಿನ ಕಡೆಯ ಥ್ರೆಡ್ ಕೆಡುತ್ತದೆ. ಆ ಖರ್ಚಿನ ಮುಂದೆ ಹೋಸಿನದು ಏನೂ ಅಲ್ಲ. ಸಾದಾ ಸ್ಪ್ಯಾನರ್ ಮೂಲೆ ಸವೆಸುತ್ತದೆ. ಪೈಪು ತೂರಿಸಲು ಒಂದು ಕಡೆ ಸೀಳಿರುವ ರಿಂಗ್ ಸ್ಪ್ಯಾನರ್, ಅಂದರೆ ಫ್ಲೇರ್ ನಟ್ ಸ್ಪ್ಯಾನರ್ ಸಿಕ್ಕರೆ ಅದನ್ನೇ ಬಳಸಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ನಟ್ಟಿನ ಜೊತೆ ಪೈಪೂ ಸುತ್ತುತ್ತಿದ್ದರೆ ನಿಲ್ಲಿಸಿ, ಮತ್ತೆ ಎಣ್ಣೆ ಬಿಡಿ, ಇನ್ನೊಂದು ದಿನ ಹೋಗಲಿ.

ಸಡಿಲವಾದ ಕೂಡಲೇ ಪೂರ್ತಿ ಬಿಚ್ಚಬೇಡಿ. ಅರ್ಧ ಸುತ್ತು ತಿರುಗಿಸಿ ನಿಲ್ಲಿಸಿ, ಮುಖ ಪಕ್ಕಕ್ಕಿಟ್ಟುಕೊಂಡು, ಉಳಿದ ಎಣ್ಣೆ ಜಿನುಗಲು ಬಿಡಿ. ಬಿಚ್ಚಿದ ಬಾಯಿಗಳಿಗೆ ತೊಳೆದ ಪ್ಲಾಸ್ಟಿಕ್ ಕಟ್ಟಿ. ಒಂದು ಚಿಟಿಕೆ ಮಣ್ಣು ಒಳಹೋದರೂ ಪಂಪಿಗೆ ಕೇಡು.

ಹೊಸ ಹೋಸು ತರಲು ಹೋಗುವಾಗ ಹಳೆಯದನ್ನೂ ಕೊಂಡೊಯ್ಯಿರಿ. ಬಿಎಸ್‌ಪಿ, ಜೆಐಸಿ ಎಂಬ ಎರಡು ಮಾದರಿಯ ಫಿಟ್ಟಿಂಗ್‌ಗಳು ನೋಡಲು ಒಂದೇ ಥರ, ಆದರೆ ಒಂದಕ್ಕೊಂದು ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ನಾಲ್ಕು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

ನಿಮ್ಮ ಗೆಳೆಯ