ನೋವನ್ನು ಹೇಳಿಕೊಳ್ಳುವ ಹೊತ್ತು

ಸೊಂಟದ ಕೀಲು ಬದಲಿಸಬೇಕೆಂದು ವೈದ್ಯರು ಹೇಳಿದ ಕೂಡಲೇ ನಮ್ಮ ಮನೆಗಳಲ್ಲಿ ಖರ್ಚಿನ ಲೆಕ್ಕ ಆರಂಭವಾಗುತ್ತದೆ. ಶಸ್ತ್ರಚಿಕಿತ್ಸೆಯ ಅನಂತರದ ನೋವಿನ ಬಗ್ಗೆ ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನನ್ನ ಬಲಸೊಂಟದ ಕೀಲನ್ನು ಬದಲಿಸುವ ಮುನ್ನಾದಿನ ಅರಿವಳಿಕೆ ವೈದ್ಯರು ಬಳಿ ಕುಳಿತು ಎಲ್ಲವನ್ನೂ ವಿವರಿಸಿದರು. ಬೆನ್ನಿಗೆ ಕೊಡುವ ಚುಚ್ಚುಮದ್ದು ಶಸ್ತ್ರಚಿಕಿತ್ಸೆಗಾಗಿ. ಅದರ ಪ್ರಭಾವ ಕೆಲವೇ ಗಂಟೆ. ಆಮೇಲಿನ ನೋವಿಗೆ ಬೇರೊಂದು ಉಪಾಯವಿದೆ. ಅಲ್ಟ್ರಾಸೌಂಡ್ ಪರದೆಯಲ್ಲಿ ನೋಡಿಕೊಳ್ಳುತ್ತ, ತೊಡೆಸಂದಿನ ಬಳಿ, ಕೀಲಿನ ನೋವನ್ನು ಒಯ್ಯುವ ನರಗಳ ಸುತ್ತ ಔಷಧ ತುಂಬುವುದು. ಇದೇ ನರ್ವ್ ಬ್ಲಾಕ್. ಟೊರಾಂಟೊದ ವೈದ್ಯರು 2018ರಲ್ಲಿ ವರ್ಣಿಸಿದ ‘ಪೆಂಗ್’ ವಿಧಾನದಲ್ಲಿ ತೊಡೆಯ ಬಲ ಬಹುಪಾಲು ಉಳಿಯುವುದರಿಂದ ಬೇಗನೆ ವಾಕರ್ ಹಿಡಿದು ನಿಲ್ಲಲು ಅನುಕೂಲ. ಆದರೂ ಕಾಲು ಕುಸಿಯಬಹುದು. ಒಬ್ಬರೇ ಎದ್ದು ಶೌಚಾಲಯಕ್ಕೆ ಹೊರಡಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು.

ಬ್ಲಾಕ್‌ನ ಪ್ರಭಾವ ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನದವರೆಗೆ. ಅದು ಇಳಿಯುವಾಗ ನೋವು ಒಮ್ಮೆಲೇ ಮೇಲೇಳಬಹುದು. ಎಷ್ಟೋ ಸಲ ಅದು ನಡುರಾತ್ರಿಯೇ. ಆದ್ದರಿಂದಲೇ ನೋವಿನ ಮಾತ್ರೆಗಳನ್ನು ನೋವು ಕಾಣಿಸುವ ಮೊದಲೇ ಕೊಡುತ್ತಾರೆ.

ಪಕ್ಕದ ಹಾಸಿಗೆಯಲ್ಲಿ, ನನ್ನಂತೆಯೇ ಕೀಲು ಬದಲಿಸಿಕೊಂಡ ಹಿರಿಯರೊಬ್ಬರಿದ್ದರು. ಭದ್ರಾವತಿಯ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಕಾವಿಗೆ ಮೈಯೊಡ್ಡಿ ದುಡಿದು ನಿವೃತ್ತರಾದವರು. ರಾತ್ರಿ ಎರಡು ಗಂಟೆಗೆ ಹಲ್ಲು ಕಚ್ಚಿಕೊಂಡು, ಕೆಮ್ಮಲೂ ಹೆದರಿ, ಉಸಿರನ್ನು ಅರ್ಧಕ್ಕೇ ತಡೆಯುತ್ತ ಮಲಗಿದ್ದರು.

“ನರ್ಸಮ್ಮನನ್ನು ಕರೆಯಲೇ?” ಎಂದೆ.

“ಬೇಡಿ ಫಾದರ್. ಯೇಸುಸ್ವಾಮಿ ಪಟ್ಟ ಪಾಡಿನ ಮುಂದೆ ಇದೆಷ್ಟರದು?”

ಆ ಭಕ್ತಿಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಉಸಿರು ಮೇಲುಮೇಲಕ್ಕೇ ನಿಂತರೆ ಎದೆಯಲ್ಲಿ ಕಫ ಕಟ್ಟುತ್ತದೆ. ಕಾಲು ಅಲುಗದಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. 1957ರ ಫೆಬ್ರವರಿ 24ರಂದು ಅರಿವಳಿಕೆ ವೈದ್ಯರನ್ನು ಕುರಿತು ಮಾತನಾಡಿದ ಜಗದ್ಗುರು ಹನ್ನೆರಡನೆಯ ಪಿಯುಸ್, ನೋವನ್ನು ಔಷಧದಿಂದ ಶಮನಗೊಳಿಸಿಕೊಳ್ಳಲು ಕ್ರೈಸ್ತನಿಗೆ ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿದ್ದರು. ಸ್ವಇಚ್ಛೆಯಿಂದ ಸಹಿಸಿ ಅರ್ಪಿಸಬಹುದು, ಆದರೆ ಅದು ಎಲ್ಲರ ಮೇಲಿನ ಕಟ್ಟಳೆಯಲ್ಲ. ಕತ್ತಲಲ್ಲೇ ಇಷ್ಟನ್ನು ಅವರಿಗೆ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೋಪರೇ ಹೇಳಿದ್ದಾರೆಯೇ?” ಎಂದು ಕೇಳಿದರು. ನಾನು ಗಂಟೆ ಒತ್ತಿದೆ. ನರ್ಸ್ ಬಂದು, ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದಾಗ “ಒಂಬತ್ತು” ಎಂದರು. ಆಮೇಲೆ ದಿಂಬಿನಡಿಯಿಂದ, ಸಂಜೆ ನುಂಗದೆ ಉಳಿಸಿದ್ದ ಎರಡು ಮಾತ್ರೆಗಳನ್ನು ತೆಗೆದು ಆಕೆಯ ಅಂಗೈಗಿಟ್ಟರು.