ಖಡ್ಗದ ಮೇಲಣ ಲಿಪಿ

ಮಹಾನವಮಿಯ ಮುನ್ನಾದಿನ ಚನ್ನಗಿರಿಯ ಒಂದು ಹಳೆಯ ಮನೆಯಲ್ಲಿ ಅಟ್ಟದಿಂದ ಕತ್ತಿಯೊಂದನ್ನು ಕೆಳಗಿಳಿಸಿದರು. ಅದನ್ನು ಹುಣಿಸೆಹಣ್ಣಿನಿಂದಲೂ ಇಟ್ಟಿಗೆಯ ಪುಡಿಯಿಂದಲೂ ಬೆಳಗಿ, ಕುಂಕುಮವಿಟ್ಟು ಪೂಜಿಸುವುದು ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಅದು ಧೋಂಡಿಯಾ ವಾಘನ ಕತ್ತಿಯೆಂಬುದು ಮನೆಯವರ ದೃಢವಾದ ನಂಬಿಕೆ. ಇದೇ ಊರಿನಲ್ಲಿ ಹುಟ್ಟಿ, ಹೈದರನ ಸೈನ್ಯದಲ್ಲಿ ಸೇವೆಮಾಡಿ, ಟಿಪ್ಪುವಿನ ಸೆರೆಯನ್ನು ಅನುಭವಿಸಿ, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಬಿಡುಗಡೆ ಹೊಂದಿ, 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೇನೆಯೊಡನೆ ಕಾದಿ ಮಡಿದ ಸಾಹಸಿಯವನು. ಆತನು ತನ್ನ ಖಡ್ಗವನ್ನು ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಒಪ್ಪಿಸಿದನೆಂಬ ಪ್ರತೀತಿಯೂ ಉಂಟು. ಆದರೆ ವೀರನಿಗೆ ಒಂದೇ ಕತ್ತಿಯೆಂಬ ನಿಯಮವಿಲ್ಲವೆಂದು ಮನೆಯವರ ಸಮಾಧಾನ.

"ಅಜ್ಜಾ, ಇಲ್ಲೇನೋ ಬರೆದಿದೆ" ಎಂದು ಮೊಮ್ಮಗನು ಹಿಡಿಯ ಬುಡವನ್ನು ತೋರಿಸಿದನು. ಉಜ್ಜುವವರ ಬೆರಳು ಸೇರದ ಆ ಸಂದಿಯಲ್ಲಿ ಕೆಲವು ಅಕ್ಷರಗಳು ಉಳಿದಿದ್ದುವು. ಗೌಡರು ಬೆಳಗುವುದನ್ನು ನಿಲ್ಲಿಸಿದರು. ದೀಪವನ್ನು ಓರೆಯಾಗಿ ಹಿಡಿದಾಗ ಗೆರೆಗಳು ಸ್ಪಷ್ಟವಾದುವು. ತೆಳುವಾದ ಕಾಗದವನ್ನು ಒತ್ತಿ, ಸೀಸದಕಡ್ಡಿಯಿಂದ ಮೆಲ್ಲನೆ ಉಜ್ಜಿ ಪ್ರತಿಯನ್ನು ತೆಗೆದು, ಪಾರಸಿಯನ್ನು ಬಲ್ಲ ಮೌಲ್ವಿಯೊಬ್ಬರನ್ನು ಕರೆಸಿದರು.

"ಗೌಡರೇ, ಇದು ಒಡೆಯನ ಹೆಸರಲ್ಲ, ಇಸ್ಫಹಾನದ ಅಸದುಲ್ಲಾನ ಕೆಲಸವೆಂದಿದೆ" ಎಂದರು ಮೌಲ್ವಿಗಳು.

ಈ ಅಸದುಲ್ಲಾನು ಪಾರಸೀಕ ದೊರೆ ಷಾ ಅಬ್ಬಾಸನ ಕಾಲದ ಕಮ್ಮಾರನೆಂದು ಪ್ರಸಿದ್ಧಿ. ಅವನ ತರುವಾಯ ಅನೇಕ ಶಿಲ್ಪಿಗಳು ತಮ್ಮ ಅಲಗುಗಳ ಮೇಲೆ ಅವನ ಹೆಸರನ್ನೇ ಕೆತ್ತಿದರು. ಆದಕಾರಣ ಅದು ಬಹುವೇಳೆ ಅಂಕಿತವಲ್ಲ, ಪ್ರಶಂಸೆ. ಪಕ್ಕದ ಚೌಕದಲ್ಲಿ 2, 4, 6, 8 ಎಂಬ ಅಂಕೆಗಳಿದ್ದುವು. ಮೊಮ್ಮಗನು ಅದನ್ನು ವರ್ಷವೆಂದು ಬಗೆದನು. ಅದು ವರ್ಷವಲ್ಲ; ಬೇ, ದಾಲ್, ವಾವ್, ಹೇ ಎಂಬ ಅಕ್ಷರಗಳ ಸಂಖ್ಯೆಗಳು, ರಕ್ಷೆಗಾಗಿ ಬರೆದ ಯಂತ್ರ. ಕಟಪಯಾದಿಯನ್ನು ಬಲ್ಲವರಿಗೆ ಅಕ್ಷರವೇ ಅಂಕೆಯಾಗುವ ಈ ಕ್ರಮವು ಹೊಸತೆನಿಸದು.

ನಿಜವಾದ ವರ್ಷವೂ ಓದುಗನನ್ನು ಮೋಸಗೊಳಿಸಬಲ್ಲುದು. ಟಿಪ್ಪುವಿನ ನಾಣ್ಯಗಳಲ್ಲಿ ಮೌಲೂದಿ ಶಕದ 1215ನೆಯ ವರ್ಷವನ್ನು ಕಾಣಬಹುದು. ಅಲ್ಲಿ ಅಂಕೆಗಳು ಬಲದಿಂದ ಎಡಕ್ಕೆ ಸಾಗುವುವು. ಅದು ಕ್ರಿ. ಶ. 1787ರ ಸುಮಾರು. ಅದನ್ನೇ ಹಿಜರಿಯೆಂದು ಎಣಿಸಿದರೆ 1800 ಆಗಿ, ಟಿಪ್ಪುವು ಗತಿಸಿದ ಮರುವರ್ಷಕ್ಕೆ ಅವನ ನಾಣ್ಯವು ಹುಟ್ಟಿದಂತಾಗುವುದು! ಒಡೆತನದ ಮಾತೂ ಹಾಗೆಯೇ. ಆದವಾನಿಯ ಕೋಟೆಯು ಬಿದ್ದಮೇಲೆ, 17ನೆಯ ಶತಮಾನದ ಕೊನೆಗೆ, ಬಿಕಾನೇರಿಗೆ ಸಾಗಿಹೋದ ಆಯುಧಗಳ ಹಿಡಿಗಳ ಮೇಲೆ ಚುಕ್ಕೆಚುಕ್ಕೆಯಾಗಿ ಕುಟ್ಟಿದ ನಾಗರಿ ಲಿಪಿಯುಂಟು. ಅದು ಮಾಡಿಸಿದವನನ್ನು ಹೇಳದೆ ಗೆದ್ದವನ ಭಂಡಾರವನ್ನು ಹೇಳುವುದು. ಮಾಡಿದವನಾರು, ಹಿಡಿದವನಾರು, ಕೊಂಡುಹೋದವನಾರು ಎಂಬ ಮೂರನ್ನೂ ಬೇರೆಬೇರೆಯಾಗಿ ಕೇಳದವನಿಗೆ ಕತ್ತಿಯು ಅವನ ಮನಸ್ಸಿನ ಆಸೆಯನ್ನೇ ಮರಳಿ ಓದಿ ಹೇಳುವುದು.

"ಹಾಗಾದರೆ ಇದು ಧೋಂಡಿಯಾನದಲ್ಲವೇ, ಅಜ್ಜಾ?" ಎಂದು ಹುಡುಗನು ಕುಗ್ಗಿದ ದನಿಯಲ್ಲಿ ಕೇಳಿದನು. ಗೌಡರು ಅಲಗನ್ನು ಮಗುಚಿದರು. ಆ ಮಗ್ಗುಲು ಕನ್ನಡಿಯಂತೆ ನುಣುಪಾಗಿದ್ದಿತು. ನಡುವೆ ಸಾಸಿವೆಯಷ್ಟು ಬಂಗಾರದ ಚೂರು ಎರಡು ಕಡೆ ಅಂಟಿಕೊಂಡಿದ್ದುವು. ಅಲ್ಲಿ ಒಂದು ಹೆಸರು ಇದ್ದಿರಬೇಕು. ಅದನ್ನು ಶತ್ರುಗಳು ಅಳಿಸಲಿಲ್ಲ. ಈ ಮನೆಯ ಭಕ್ತಿಯೇ ವರುಷ ವರುಷವೂ ಹುಣಿಸೆಹಣ್ಣಿನಿಂದ ತೊಳೆದು ಕಳೆಯಿತು.

"ಅಲ್ಲವೆಂದು ಹೇಳಲಾರೆ, ಮಗು. ಹೌದೆಂದು ಹೇಳುವ ಬಾಯಿಯನ್ನು ನಾವೇ ಮುಚ್ಚಿದೆವು" ಎಂದರು ಗೌಡರು.

ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಿಲಾಶಾಸನಗಳನ್ನು ರೈಸ್ ಸಾಹೇಬರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಜಗಳೂರಿನವು 11ನೆಯ ಸಂಪುಟದಲ್ಲಿವೆ. ಕಲ್ಲು ಬಯಲಿನಲ್ಲಿ ನಿಂತು ಓದುಗನಿಗಾಗಿ ಕಾದಿತು. ಕಬ್ಬಿಣಕ್ಕೆ ಅಷ್ಟು ತಾಳ್ಮೆಯಿಲ್ಲ. ನ್ಯಾಮತಿಯಲ್ಲಾಗಲಿ ಜಗಳೂರಿನಲ್ಲಾಗಲಿ ಇಂತಹ ಕತ್ತಿಯುಳ್ಳ ಗೃಹಸ್ಥರು ಬೆಳಗುವ ಮುನ್ನ ಒಮ್ಮೆ ದೀಪವನ್ನು ಓರೆಯಾಗಿ ಹಿಡಿದು ನೋಡುವುದು ಲೇಸು.

ಮರುದಿನ ಆ ಮನೆಯ ಪೂಜೆ ಎಂದಿನಂತೆ ನಡೆಯಿತು. ಇಟ್ಟಿಗೆಯ ಪುಡಿ ಮಾತ್ರ ಇರಲಿಲ್ಲ. ಮೃದುವಾದ ಬಟ್ಟೆಯಿಂದ ತೆಳುವಾಗಿ ಎಣ್ಣೆ ಸವರಿ, ಅಕ್ಷರಗಳನ್ನು ಬಿಟ್ಟು, ಹಿಡಿಗೆ ಹೂವನ್ನು ಮುಡಿಸಿದರು.