ಶೇಂಗಾದ ಖಾತೆ

ಲೋಕಲ್ ಗಾಡಿಯಲ್ಲಿ ಕಾಗದದ ಸುರುಳಿಯೊಳಗೆ ಬರುವ ಶೇಂಗಾಕ್ಕೆ ಮುಂಬಯಿಯವರು ಇಟ್ಟ ಹೆಸರು ‘ಟೈಮ್‌ಪಾಸ್’. ಗದಗ ಸೀಮೆಯ ನಮಗೆ ಅದೇ ಮುಂಗಾರಿನ ನಾಲ್ಕು ತಿಂಗಳ ಬದುಕು. ನನ್ನ ಕಾಲೇಜಿನ ಫೀ ಕೂಡ ಆ ಕಾಯೊಳಗೇ ಇದೆ. ಅದಕ್ಕೇ ಕಾಸ್ಟ್ ಅಕೌಂಟಿಂಗ್ ಪಾಠದಲ್ಲಿ ಪ್ರೊಫೆಸರರು ಫ್ಯಾಕ್ಟರಿಯ ಉದಾಹರಣೆ ಕೊಟ್ಟರೆ, ನನ್ನ ಕಣ್ಣಿಗೆ ಬರುವುದು ನಮ್ಮ ನಾಲ್ಕೆಕರೆ ಹೊಲ.

ಶೇಂಗಾಕ್ಕೆ ಕಸದ ಕಾಟ ಮೊದಲ 40-45 ದಿನ. ಗಿಡ ಗಿಡ್ಡ, ಏಳುವುದೂ ನಿಧಾನ. ಕಸ ಅದರ ನೀರು, ಬೆಳಕು, ಗೊಬ್ಬರ ಮೂರನ್ನೂ ಕಸಿಯುತ್ತದೆ. ಆಮೇಲೆ ನೋಡೋಣ ಅಂದರೆ ಆಗೋದಿಲ್ಲ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ದೇಟು ಮಣ್ಣಿಗಿಳಿದು, ತುದಿಯಲ್ಲಿ ಕಾಯಿ ಕಟ್ಟುತ್ತದೆ. ಆ ಹೊತ್ತಿಗೆ ಎಡೆಕುಂಟೆ ಹಾಯಿಸಿದರೆ ಕಾಯನ್ನೇ ಹರಿದ ಹಾಗೆ. ಎಡೆ ಹೊಡೆಯೋದು, ಕುರ್ಪಿ ಹಿಡಿಯೋದು ಎಲ್ಲ ಆ ಆರು ವಾರದಲ್ಲೇ ಮುಗಿಯಬೇಕು. ಊರಿಗೆಲ್ಲ ಒಂದೇ ಸಲ ಆಳು ಬೇಕು, ಸಿಗೋದಿಲ್ಲ. ಆಗ ಮನೆಯವರೇ ಆಳು.

ಪಗಾರ ಕೇಳದ ಇನ್ನೊಂದು ಜಾತಿಯ ಆಳುಗಳೂ ಇವೆ. ಶೇಂಗಾದ ಬೇರಿನ ಗಂಟುಗಳಲ್ಲಿ ಮನೆ ಮಾಡುವ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ. ಇಂಥ ಜೀವಿಯನ್ನು ಗಂಟಿನಿಂದ ಬೇರ್ಪಡಿಸಿ ತೋರಿಸಿದವರು ಹಾಲೆಂಡಿನ ಬೈಜರಿಂಕ್, 1888ರಲ್ಲಿ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಉಣ್ಣಲಾರದು, ಇವು ಉಣಿಸುತ್ತವೆ. ಗಂಟು ಒಡೆದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೆದಿದೆ ಎಂದು ತಿಳಿಯಬೇಕು.

ಅವನ್ನೇ ಪುಡಿಯಲ್ಲಿ ಬೆರೆಸಿ ಪೊಟ್ಟಣದಲ್ಲಿ ಮಾರುತ್ತಾರೆ. ಬೆಲ್ಲದ ನೀರು ಕಾಯಿಸಿ, ಪೂರ್ತಿ ಆರಿದ ಮೇಲೆ ಪುಡಿ ಕಲಸಿ, ಬೀಜಕ್ಕೆ ಹಗುರಾಗಿ ಹಚ್ಚಬೇಕು. ಜೋರಾಗಿ ತಿಕ್ಕಿದರೆ ಶೇಂಗಾದ ತೆಳು ಸಿಪ್ಪೆ ಸುಲಿದು ಮೊಳಕೆ ಕೆಡುತ್ತದೆ. ಬೀಜಕ್ಕೆ ಬೂಷ್ಟಿನ ಔಷಧಿ ಹಚ್ಚುವುದಿದ್ದರೆ ಅದು ಮೊದಲು, ಇದು ಕೊನೆಗೆ. ನೆರಳಲ್ಲಿ ಒಣಗಿಸಿ ಅದೇ ದಿನ ಬಿತ್ತಬೇಕು. ತಗಡಿನ ಮಾಡಿನ ಅಂಗಡಿಯಲ್ಲಿ ಬೇಸಿಗೆ ಕಳೆದ ಪೊಟ್ಟಣವಾದರೆ ನಾವು ಹಚ್ಚುವುದು ಬರೀ ಕರಿ ಪುಡಿ! ಇನ್ನು, ಹಿಂದೆ ಶೇಂಗಾ, ಅಲಸಂದಿ ಬೆಳೆದ ನೆಲದಲ್ಲಿ ಈ ಜೀವಿಗಳು ಮೊದಲೇ ಇರುವುದರಿಂದ ಅಲ್ಲಿ ಲಾಭ ಅಷ್ಟಾಗಿ ಕಾಣಿಸದೆಯೂ ಹೋಗಬಹುದು. ಹೊಸ ಹೊಲಕ್ಕೆ ಮಾತ್ರ ಬೇಕೇ ಬೇಕು. ಪೊಟ್ಟಣ ಅಗ್ಗ, ಅಗ್ಗವಾದ್ದಕ್ಕೇ ಊರಲ್ಲಿ ಅದರ ಮೇಲೆ ಯಾರಿಗೂ ನಂಬಿಕೆಯಿಲ್ಲ.

ಹೋದ ದೀಪಾವಳಿ ರಜೆಯಲ್ಲಿ ಅಪ್ಪನ ಡೈರಿ ತೆಗೆದು ಜಮಾ-ಖರ್ಚು ಬರೆದೆ. ಬೀಜ, ಗೊಬ್ಬರ, ಎತ್ತಿನ ಬಾಡಿಗೆ, ಆಳಿನ ಕೂಲಿ ಎಲ್ಲ ಇತ್ತು. ಅವ್ವ 18 ದಿನ ಕುಕ್ಕರಗಾಲಲ್ಲಿ ಕಸ ತೆಗೆದದ್ದು ಎಲ್ಲೂ ಇರಲಿಲ್ಲ. ಸರ್ಕಾರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದವರ ಲೆಕ್ಕದಲ್ಲಿ ‘ಎ2+ಎಫ್‌ಎಲ್’ ಅಂತ ಒಂದಿದೆ. ಎಫ್‌ಎಲ್ ಅಂದರೆ ಮನೆಮಂದಿಯ ದುಡಿಮೆಗೆ ಕಟ್ಟಿದ ಬೆಲೆ. ಅದನ್ನೂ ಸೇರಿಸಿದೆ. ಲಾಭ ಅಂದುಕೊಂಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅವ್ವನ ಪಗಾರವೇ.

ಓದಿ ಹೇಳಿದೆ. ಅವ್ವ ನಕ್ಕಳು. “ನನ್ ಪಗಾರ ಬರಕೊಂಡ್ ಏನ್ ಮಾಡ್ತಿ? ಬಾಜೂ ಮನಿಯಾಕೀದು ಎರಡ ದಿನದ ಕೂಲಿ ಬಾಕಿ ಐತಿ, ಮೊದ್ಲ ಅದನ್ನ ಕೊಡು.”

ಅಪ್ಪ ಮಾತ್ರ ಆ ಲೆಕ್ಕವನ್ನೇ ಹಿಡಿದು, ಬರುವ ವರ್ಷ ಕಸನಾಶಕ ಹೊಡೆಯೋಣ ಅಂದರು. ಪೆಂಡಿಮೆಥಾಲಿನ್, ಬಿತ್ತಿದ ಒಂದೆರಡು ದಿನದಲ್ಲಿ, ಕಸ ಹುಟ್ಟುವ ಮುಂಚೆ, ಹಸಿ ನೆಲಕ್ಕೆ. ಹುಲ್ಲು ತಡೆಯುತ್ತದೆ, ಜೇಕಿನ ಗಡ್ಡೆ ಮಾತ್ರ ಜಗ್ಗೋದಿಲ್ಲ. ಅಂದರೆ ಕುರ್ಪಿ ತಪ್ಪಿದ್ದಲ್ಲ, ದಿನ ಕಡಿಮೆ ಆದೀತು. ಅವ್ವನಿಗೂ, ಕೂಲಿಗೆ ಬರುವ ಹೆಣ್ಣಾಳುಗಳಿಗೂ.

“ಹೊಡೀರಿ, ನನ್ ಸೊಂಟಾನೂ ಉಳೀತೈತಿ,” ಅಂದಳು ಅವ್ವ. “ಆದ್ರ ಎಮ್ಮಿಗೆ ಹುಲ್ಲು, ರೊಟ್ಟಿಗೆ ಕಿರಕಸಾಲಿ ಪಲ್ಯ ಎಲ್ಲಿಂದ ತರ್ಲಿ? ಅದನ್ನೂ ಹಾಕು ನಿನ್ ಲೆಕ್ಕದಾಗ.”

ಎರಡು ಎಕರೆಗೆ ಹೊಡೆದು, ಎರಡು ಹಾಗೇ ಬಿಡೋಣ ಅಂತ ನಾನು ಕಾಗದ ಬರೆದಿದ್ದೇನೆ. ಉತ್ತರ ಬಂದಿಲ್ಲ. ರೋಹಿಣಿ ಮಳೆಗೆ ಇನ್ನೂ ಒಂದು ತಿಂಗಳಿದೆ.